ಅಲ್ಯೂಮಿನಿಯಂ ಹೆಡ್‌ಗೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸ್ಟಡ್ ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವೃತ್ತಿಯಿಂದ ಮೆಕ್ಯಾನಿಕ್ ಅಲ್ಲ. ಹಳೆಯ ಮಾರುತಿ 800 ಒಂದನ್ನು ವರ್ಷಗಟ್ಟಲೆ ಮನೆ ಮುಂದೆಯೇ ಬಿಚ್ಚಿ, ಜೋಡಿಸಿ ಓಡಿಸಿದವನು. ಒಮ್ಮೆ ಅದರ ಹೆಡ್ (ಎಂಜಿನ್ನಿನ ಮೇಲ್ಭಾಗದ ಎರಕ) ಹಾಳಾದ ಮೇಲೆ ಸ್ಟಡ್ ಬಗ್ಗೆ ಗಂಭೀರವಾಗಿ ಓದಲು, ಕೇಳಲು ಶುರು ಮಾಡಿದೆ. ಸ್ಟಡ್ ಅಂದರೆ ತಲೆ ಇಲ್ಲದ, ಎರಡೂ ತುದಿಗೆ ಥ್ರೆಡ್ (ಸುರುಳಿ ಗೆರೆ) ಇರುವ ಬೋಲ್ಟ್. ಒಂದು ತುದಿ ಹೆಡ್ಡಿನೊಳಗೆ ಕೂರುತ್ತದೆ, ಇನ್ನೊಂದರ ಮೇಲೆ ನಟ್ ಬಿಗಿದು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಅನ್ನು, ಅಂದರೆ ಹೆಡ್ಡಿನಿಂದ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರ್ ಕಡೆ ಕಳಿಸುವ ಕೊಳವೆಯನ್ನು, ಹಿಡಿದಿಡುತ್ತಾರೆ. ಆಮೇಲಿಂದ ಗೆಳೆಯರು ಫೋನ್ ಮಾಡಿ ಕೇಳುವುದೂ ಅದನ್ನೇ. ಪ್ರತಿ ಸಲ ಹೇಳಿದ್ದನ್ನೇ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ಸ್ಟಡ್ ಮುರಿದಿದೆ ಅಂತ ಗೊತ್ತಾಗುವುದು ಹೇಗೆ?

ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಸದ್ದು. ಐದು ಹತ್ತು ನಿಮಿಷ ಓಡಿದ ಮೇಲೆ ಮಾಯ. ಬಿಸಿಯಾದಾಗ ಮ್ಯಾನಿಫೋಲ್ಡ್ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ಅದಕ್ಕೇ ಸದ್ದು ನಿಲ್ಲುತ್ತದೆ. ಬಹಳ ಜನ ಇದನ್ನು ಟ್ಯಾಪೆಟ್ (ಎಂಜಿನ್ ವಾಲ್ವ್ ಒತ್ತುವ ಭಾಗ) ಸದ್ದು ಅಂದುಕೊಂಡು ಟ್ಯಾಪೆಟ್ ಸೆಟ್ ಮಾಡಿಸಿ ದುಡ್ಡು ಕಳೆದುಕೊಳ್ಳುತ್ತಾರೆ. ಟಾರ್ಚ್ ಹಿಡಿದು ಹೆಡ್ ಮತ್ತು ಮ್ಯಾನಿಫೋಲ್ಡ್ ಸೇರುವ ಕಡೆ ನೋಡಿ, ಮಸಿ ಹಿಡಿದಿದ್ದರೆ ಗ್ಯಾಸ್ ಸೋರುತ್ತಿದೆ ಅಂತಲೇ ಅರ್ಥ. ಸದ್ದು ತಡೆದುಕೊಳ್ಳಬಹುದು, ಆದರೆ ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದು ಬಾನೆಟ್ ಕೆಳಗಿಂದ ಕಾರಿನೊಳಗೆ ಬರಬಾರದು.

ಅಷ್ಟು ದಪ್ಪ ಉಕ್ಕು ಸುಮ್ನೆ ಹೇಗೆ ಮುರಿಯುತ್ತದೆ?

ಸುಮ್ನೆ ಮುರಿಯುವುದಿಲ್ಲ, ಎರಡು ಲೋಹಗಳ ಜಗಳದ ನಡುವೆ ಸಿಕ್ಕಿ ಮುರಿಯುತ್ತದೆ. ಒಂದು ಡಿಗ್ರಿ ಬಿಸಿ ಏರಿದರೆ ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ, ಬೀಡು ಕಬ್ಬಿಣ ಸುಮಾರು 11. ಹಾಗಾದರೆ ಹೆಡ್ಡೇ ಜಾಸ್ತಿ ಹಿಗ್ಗಬೇಕಲ್ವಾ? ಇಲ್ಲ. ಹೆಡ್ಡಿನೊಳಗೆ ನೀರು ಓಡುತ್ತದೆ, ಅದು 100 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ. ಮ್ಯಾನಿಫೋಲ್ಡ್ ಘಾಟ್ ಹತ್ತುವಾಗ 600 ಡಿಗ್ರಿ ದಾಟುತ್ತದೆ. ಲೆಕ್ಕ ಹಾಕಿ ನೋಡಿ: 300 ಮಿ.ಮೀ. ಉದ್ದದ ಬೀಡಿನ ಮ್ಯಾನಿಫೋಲ್ಡ್ 600 ಡಿಗ್ರಿ ಏರಿದರೆ ಸುಮಾರು 2 ಮಿ.ಮೀ. ಉದ್ದ ಆಗುತ್ತದೆ. ಅಷ್ಟೇ ಉದ್ದದ ಹೆಡ್ 90 ಡಿಗ್ರಿ ಏರಿ 0.6 ಮಿ.ಮೀ. ಮಾತ್ರ. ಉಳಿದ ವ್ಯತ್ಯಾಸ ಎರಡು ತುದಿಗೂ ಹಂಚಿಕೊಂಡರೆ ಒಂದೊಂದು ಕಡೆ 0.7 ಮಿ.ಮೀ.

ಈ 0.7 ಮಿ.ಮೀ. ಜಾರಲಿ ಅಂತಲೇ ಮ್ಯಾನಿಫೋಲ್ಡಿನ ತುದಿಯ ತೂತುಗಳು ಸ್ಟಡ್‌ಗಿಂತ ದೊಡ್ಡದಾಗಿರುತ್ತವೆ, ಕೆಲವದರಲ್ಲಿ ಉದ್ದಗೆ ಕೊರೆದಿರುತ್ತಾರೆ. ತುಕ್ಕು, ಮಸಿ ತುಂಬಿ ಜಾರುವುದು ನಿಂತರೆ ಸ್ಟಡ್ ಬಾಗುತ್ತದೆ. ದಿನಾ ಬೆಳಿಗ್ಗೆ ಒಂದು ಕಡೆ, ತಣ್ಣಗಾದಾಗ ಇನ್ನೊಂದು ಕಡೆ. ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ಕಥೆ. ಮುರಿಯುವುದು ಹೆಚ್ಚಾಗಿ ತುದಿಯ ಸ್ಟಡ್ಡೇ, ಅದೂ ಹೆಡ್ಡಿನ ಮುಖಕ್ಕೆ ಸರಿಯಾಗಿ, ಹಿಡಿದು ತಿರುಗಿಸಲು ಏನೂ ಸಿಗದ ಹಾಗೆ.

ಹಾಗಾದರೆ 12.9 ಗ್ರೇಡ್ ಹಾಕಿದರೆ ಮುರಿಯುವುದೇ ಇಲ್ಲ ಅಲ್ವಾ?

ಎಲ್ಲರೂ ಮೊದಲು ಮಾಡುವ ತಪ್ಪು ಇದು, ನಾನೂ ಮಾಡಿದ್ದೆ. ಗ್ರೇಡ್ ಅಂಕಿಯ ಅರ್ಥ ಮೊದಲು ತಿಳಿದುಕೊಳ್ಳಿ. 8.8 ಅಂದರೆ ಎಳೆದು ತುಂಡಾಗಲು ಚದರ ಮಿ.ಮೀ.ಗೆ 800 ನ್ಯೂಟನ್ ಬೇಕು, ಅದರ ಶೇಕಡಾ 80ಕ್ಕೆ, ಅಂದರೆ 640ಕ್ಕೆ, ಅದು ಶಾಶ್ವತವಾಗಿ ಹಿಗ್ಗಲು ಶುರುವಾಗುತ್ತದೆ. 10.9 ಆದರೆ 1000 ಮತ್ತು 900. ಒಂದು ಎಂ8 ಸ್ಟಡ್ (ಅಂದರೆ 8 ಮಿ.ಮೀ. ದಪ್ಪದ್ದು), 8.8 ಗ್ರೇಡಿನದು, ಎರಡು ಟನ್‌ಗೂ ಜಾಸ್ತಿ ಭಾರವನ್ನು ಏನೂ ಆಗದೆ ಹೊರುತ್ತದೆ. ಮ್ಯಾನಿಫೋಲ್ಡ್ ಹಿಡಿದಿಡಲು ಅದಕ್ಕಿಂತ ಜಾಸ್ತಿ ಬೇಕಿಲ್ಲ.

ಇನ್ನೊಂದು ವಿಷಯ. ಈ ಅಂಕಿಗಳನ್ನು ಕೊಡುವ ಐಎಸ್‌ಒ 898-1 ಮಾನದಂಡ ಅಳೆಯುವುದು 10ರಿಂದ 35 ಡಿಗ್ರಿ ಬಿಸಿಯಲ್ಲಿ. ಎಕ್ಸಾಸ್ಟ್ ಪಕ್ಕದ ಲೋಕವೇ ಬೇರೆ. ಉಕ್ಕಿಗೆ ಕಾರ್ಖಾನೆಯಲ್ಲಿ ಹದ ಕೊಟ್ಟ ಬಿಸಿಯ ಹತ್ತಿರಕ್ಕೆ ಮತ್ತೆ ಹೋದರೆ ಆ ಹದ ಇಳಿಯುತ್ತದೆ, 12.9 ಅಂತ ದುಡ್ಡು ಕೊಟ್ಟು ತಂದದ್ದು 12.9 ಆಗಿ ಉಳಿಯುವುದಿಲ್ಲ. ಮೇಲಾಗಿ ತುಂಬ ಗಟ್ಟಿ ಉಕ್ಕು ಬಾಗುವ ಬದಲು ಪಟ್ ಅಂತ ಮುರಿಯುವ ಜಾತಿಯದು. ಮುರಿದ ತುಂಡಿನೊಳಗೆ ಡ್ರಿಲ್ ಇಳಿಸುವುದು ಇನ್ನೂ ಕಷ್ಟ.

ಎಲ್ಲಕ್ಕಿಂತ ಮುಖ್ಯ, ಸ್ಟಡ್ ಹೋಗಿ ಕೂರುವುದು ಮೆತ್ತನೆಯ ಅಲ್ಯೂಮಿನಿಯಂನಲ್ಲಿ. ಸ್ಟಡ್ ಎಷ್ಟು ಗಟ್ಟಿಯಾದರೂ ಹೆಡ್ಡಿನ ಥ್ರೆಡ್ ಗಟ್ಟಿ ಆಗುವುದಿಲ್ಲ. ಏನಾದರೂ ಒಂದು ಸೋಲಲೇಬೇಕು ಅಂದರೆ ಸ್ಟಡ್ ಸೋಲಲಿ, ಹೆಡ್ ಉಳಿಯಲಿ. ನಾನು ಸ್ಟಡ್ ಆರಿಸುವುದು ಈ ಒಂದೇ ಯೋಚನೆ ಇಟ್ಟುಕೊಂಡು.

ಸ್ಟೇನ್‌ಲೆಸ್ ಹಾಕಲಾ? ತುಕ್ಕೇ ಹಿಡಿಯಲ್ಲವಲ್ಲ.

ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಇದನ್ನು ಜಾಸ್ತಿ ಕೇಳುತ್ತಾರೆ, ಉಪ್ಪು ಗಾಳಿಯಲ್ಲಿ ನಟ್ ಕರಗಿ ಗುಂಡಗಾಗುವುದನ್ನು ನೋಡಿದವರು ಕೇಳುವುದು ಸಹಜವೇ. ಅಂಗಡಿಯಲ್ಲಿ ಸಿಗುವ ಸ್ಟೇನ್‌ಲೆಸ್ ಹೆಚ್ಚಾಗಿ ಎ2-70. ಎಳೆದಾಗ ಅದು ಶಾಶ್ವತವಾಗಿ ಹಿಗ್ಗಲು ಶುರುವಾಗುವುದು 450ಕ್ಕೇ, 8.8ರ 640ಕ್ಕಿಂತ ಬಹಳ ಕೆಳಗೆ. ಸ್ಟೇನ್‌ಲೆಸ್ ಸ್ಟಡ್ ಮೇಲೆ ಸ್ಟೇನ್‌ಲೆಸ್ ನಟ್ ಒಣಗಿದ್ದಾಗ ತಿರುಗಿಸಿದರೆ ಅರ್ಧ ದಾರಿಯಲ್ಲಿ ಎರಡೂ ಕಚ್ಚಿಕೊಂಡು ಒಂದೇ ತುಂಡಾಗಿಬಿಡುವುದೂ ಉಂಟು, ಆಮೇಲೆ ಗರಗಸವೇ ಗತಿ. ಒಳ್ಳೆಯ ಗುಣವೂ ಇದೆ: ಬಿಸಿಗೆ ಅದು ಹಿಗ್ಗುವುದು 16-17 ಮೈಕ್ರಾನ್, ಅಲ್ಯೂಮಿನಿಯಂಗೆ ಸ್ವಲ್ಪ ಹತ್ತಿರ.

ನನ್ನ ಅಭಿಪ್ರಾಯ: ಸಣ್ಣ ಬೈಕಿಗೆ ಪರವಾಗಿಲ್ಲ, ಆಂಟಿ ಸೀಜ್ ಪೇಸ್ಟ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಹಚ್ಚಿ ಹಿತ್ತಾಳೆ ನಟ್ ಹಾಕಿ. ಭಾರವಾದ ಬೀಡಿನ ಮ್ಯಾನಿಫೋಲ್ಡ್, ಅದರ ಮೇಲೊಂದು ಟರ್ಬೊ ನೇತಾಡುತ್ತಿದ್ದರೆ ಬೇಡ.

ಮತ್ತೆ ಯಾವುದು ಹಾಕಬೇಕು?

ದಿನಬಳಕೆಯ ಪೆಟ್ರೋಲ್ ಕಾರಿಗೆ ಕಂಪನಿಯ ಪಾರ್ಟ್ ನಂಬರ್ ಇರುವ ಸ್ಟಡ್ ಸಿಕ್ಕರೆ ಅದೇ. ಬೇರೆ ಯೋಚನೆ ಬೇಡ. ಅವರು ಉದ್ದ, ಹದ, ಲೇಪ ಎಲ್ಲ ಲೆಕ್ಕ ಹಾಕಿ ಮಾಡಿರುತ್ತಾರೆ. ಅದು ಸಿಗದಿದ್ದರೆ ಒಳ್ಳೆಯ ಹೆಸರಿನ 8.8 ಅಥವಾ 10.9.

ಟರ್ಬೊ ಇದ್ದರೆ, ಅಥವಾ ಒಂದೇ ಜಾಗದಲ್ಲಿ ಎರಡು ಮೂರು ಸಲ ಮುರಿದಿದ್ದರೆ ಬಿ7 ಕೇಳಿ. ಅದು ಕ್ರೋಮಿಯಂ, ಮಾಲಿಬ್ಡಿನಂ ಸೇರಿದ ಉಕ್ಕು, ಬಾಯ್ಲರ್, ಪೈಪ್‌ಲೈನ್ ಫ್ಲ್ಯಾಂಜ್ ಕೆಲಸಕ್ಕೆ ಬಳಸುವ ಎಎಸ್‌ಟಿಎಂ ಎ193 ಮಾನದಂಡದ್ದು. ಬಲದಲ್ಲಿ 8.8ಕ್ಕಿಂತ ಸ್ವಲ್ಪ ಮೇಲೆ ಅಷ್ಟೇ, ಆದರೆ ಅದಕ್ಕೆ ಹದ ಕೊಡುವುದು ಕನಿಷ್ಠ 593 ಡಿಗ್ರಿಯಲ್ಲಿ, ಸಾಮಾನ್ಯ 8.8ಕ್ಕೆ ಕನಿಷ್ಠ 425. ಬಿಸಿಯಲ್ಲಿ ಬಲ ಉಳಿಸಿಕೊಳ್ಳುವ ಗುಟ್ಟು ಇಲ್ಲಿದೆ, ಗ್ರೇಡ್ ಅಂಕಿಯಲ್ಲಲ್ಲ. ಕೈಗಾರಿಕಾ ಬೋಲ್ಟ್ ಮಾರುವವರ ಹತ್ತಿರ ಬಿ7 ಸಿಗುತ್ತದೆ, ಆದರೆ ಹೆಚ್ಚಾಗಿ ದಪ್ಪ ಅಳತೆಗಳಲ್ಲಿ. ಎಂ8 ಬೇಕಾದರೆ ಸ್ವಲ್ಪ ಹುಡುಕಬೇಕು. ರೇಸ್ ಮಾಡುವವರು ಎ286, ಇಂಕೊನೆಲ್ ಅಂತೆಲ್ಲ ತುಂಬ ಬಿಸಿ ತಡೆಯುವ ಮಿಶ್ರಲೋಹದ್ದು ಹಾಕುತ್ತಾರೆ. ಒಳ್ಳೆಯದೇ, ಆದರೆ ಆಫೀಸಿಗೆ ಹೋಗಿ ಬರುವ ಕಾರಿಗೆ ಅದು ಮದುವೆ ಸೀರೆ ಉಟ್ಟು ಕಸ ಗುಡಿಸಿದ ಹಾಗೆ.

ಅಂಗಡಿಯಲ್ಲಿ ಕೊಟ್ಟದ್ದು ನಿಜವಾಗಿ 8.8 ಅಂತ ಹೇಗೆ ನಂಬುವುದು? ಬೋಲ್ಟ್ ಹಾಗೆ ತಲೆ ಇಲ್ಲವಲ್ಲ.

ಸ್ಟಡ್ಡಿನ ತುದಿ ನೋಡಿ. ಅಂಕಿ ಬರೆಯಲು ಜಾಗ ಇಲ್ಲದಿದ್ದರೆ ಗುರುತು ಹಾಕಿರುತ್ತಾರೆ. ಸಣ್ಣ ಗೋಲ ಇದ್ದರೆ 8.8, ಚೌಕ ಇದ್ದರೆ 10.9, ತ್ರಿಕೋನ ಇದ್ದರೆ 12.9. ಏನೂ ಗುರುತಿಲ್ಲದೆ ಡಬ್ಬಿಯಲ್ಲಿ ಸಡಿಲವಾಗಿ ಬಿದ್ದಿರುವುದನ್ನು ಎಕ್ಸಾಸ್ಟ್‌ಗೆ ತರಬೇಡಿ. ಬೆಂಗಳೂರಿನವರಿಗೆ ಕಾರಿನ ಸ್ಪೇರ್ ಬೇಕಾದರೆ ಜೆ.ಸಿ. ರಸ್ತೆ, ಬೋಲ್ಟು ನಟ್ಟು ಬೇಕಾದರೆ ಎಸ್.ಪಿ. ರಸ್ತೆ ಗೊತ್ತೇ ಇದೆ. ಮುರಿದ ಸ್ಟಡ್ಡಿನ ಜೊತೆ ಮುರಿಯದ ಒಂದನ್ನೂ ಕೈಯಲ್ಲಿ ಹಿಡಿದು ಹೋಗಿ.

ಅಳತೆ ತೆಗೆಯುವುದು ಹೇಗೆ?

ಸಣ್ಣ ಬೈಕುಗಳಲ್ಲಿ ಹೆಚ್ಚಾಗಿ ಎಂ6, ದೊಡ್ಡ ಬೈಕು ಮತ್ತು ಕಾರುಗಳಲ್ಲಿ ಎಂ8, ದೊಡ್ಡ ಎಂಜಿನ್‌ಗಳಲ್ಲಿ ಎಂ10. ವರ್ನಿಯರ್‌ನಲ್ಲಿ ದಪ್ಪ ಅಳೆದರೆ ಸಾಲದು, ಥ್ರೆಡ್ ಗೇಜ್ ಇಟ್ಟು ಪಿಚ್ (ಒಂದು ಥ್ರೆಡ್ಡಿನಿಂದ ಮುಂದಿನದಕ್ಕೆ ಇರುವ ದೂರ, ಮಿ.ಮೀ.ನಲ್ಲಿ) ನೋಡಲೇಬೇಕು. ಎಂ8ರಲ್ಲಿ 1.25ರದ್ದೂ ಇದೆ, 1.0ರದ್ದೂ ಇದೆ. ಎಂ10ರಲ್ಲಿ 1.5 ಸಿಗುತ್ತದೆ, ಜಪಾನಿ ಗಾಡಿಗಳಲ್ಲಿ 1.25 ಜಾಸ್ತಿ. ತಪ್ಪು ಪಿಚ್ ಇದ್ದರೂ ಮೊದಲ ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಅದೇ ಮೋಸ. ಆಮೇಲೆ ಬಿಗಿಯಾಯಿತು ಅಂತ ಪಾನಾ ಹಾಕಿ ತಿರುಗಿಸಿದರೆ ಹೆಡ್ಡಿನ ಥ್ರೆಡ್ ಸುರುಳಿ ಸುರುಳಿಯಾಗಿ ಈಚೆ ಬರುತ್ತದೆ.

ಎರಡೂ ತುದಿಯನ್ನು ಬೇರೆ ಬೇರೆಯಾಗಿ ಅಳೆಯಿರಿ. ಕೆಲವು ಸ್ಟಡ್‌ಗಳಲ್ಲಿ ಅಲ್ಯೂಮಿನಿಯಂ ಒಳಗೆ ಹೋಗುವ ಕಡೆ ದಪ್ಪ ಥ್ರೆಡ್, ನಟ್ ಕಡೆ ಸಣ್ಣ ಥ್ರೆಡ್ ಇರುತ್ತದೆ. ಮೆತ್ತನೆಯ ಲೋಹಕ್ಕೆ ದಪ್ಪ ಥ್ರೆಡ್ಡೇ ಹಿಡಿತ.

ಹೆಡ್ಡಿನೊಳಗೆ ಎಷ್ಟು ಉದ್ದ ಹೋಗಬೇಕು?

ಉಕ್ಕಿನೊಳಗೆ ಆದರೆ ಸ್ಟಡ್ಡಿನ ದಪ್ಪದಷ್ಟು ಸಾಕು. ಅಲ್ಯೂಮಿನಿಯಂನಲ್ಲಿ ಒಂದೂವರೆಯಿಂದ ಎರಡು ಪಟ್ಟು ಇರಲಿ, ಅಂದರೆ ಎಂ8ಕ್ಕೆ 12ರಿಂದ 16 ಮಿ.ಮೀ. ಜರ್ಮನ್ ಡಿನ್ ಮಾನದಂಡದಲ್ಲಿ ಇದಕ್ಕೇ ಬೇರೆ ಬೇರೆ ನಂಬರ್ ಇವೆ. ಡಿನ್ 938 ಉಕ್ಕಿಗೆ, ಒಂದು ಪಟ್ಟು. ಡಿನ್ 939 ಬೀಡಿಗೆ, ಒಂದೂಕಾಲು ಪಟ್ಟು. ಡಿನ್ 835 ಅಲ್ಯೂಮಿನಿಯಂಗೆ, ಎರಡು ಪಟ್ಟು. ಆನ್‌ಲೈನ್‌ನಲ್ಲಿ ತರಿಸುವವರು ಈ ನಂಬರ್ ನೋಡದೆ ಸುಮ್ನೆ ಎಂ8 ಸ್ಟಡ್ ಅಂತ ಹುಡುಕಿದರೆ 938 ಬರುವ ಸಾಧ್ಯತೆಯೇ ಜಾಸ್ತಿ, ಅದು ನಿಮ್ಮ ಹೆಡ್ಡಿನಲ್ಲಿ 8 ಮಿ.ಮೀ. ಮಾತ್ರ ಕಚ್ಚುತ್ತದೆ.

ಹಾಗಂತ ತೂತಿನ ತಳಕ್ಕೆ ತಗಲುವ ತನಕ ಇಳಿಸಬೇಡಿ. ತೂತಿನ ಆಳ ಅಳೆದು ಒಂದೆರಡು ಮಿ.ಮೀ. ಬಿಡಿ. ತಳದಲ್ಲಿ ಎಣ್ಣೆ ನಿಂತಿದ್ದಾಗ ಸ್ಟಡ್ ಇಳಿಸಿದರೆ ಆ ಎಣ್ಣೆಗೆ ಹೋಗಲು ದಾರಿ ಇಲ್ಲದೆ ಎರಕವೇ ಬಿರುಕು ಬಿಡಬಹುದು. ಒರೆಸಿ, ಗಾಳಿ ಹೊಡೆದು ಒಣಗಿಸಿ. ಕೆಲವು ಎಂಜಿನ್‌ಗಳಲ್ಲಿ ಸ್ಟಡ್ ತೂತು ನೀರಿನ ಜಾಗಕ್ಕೇ ತೂರಿರುತ್ತದೆ. ಬಿಚ್ಚಿದಾಗ ಕೂಲೆಂಟ್ ಸುರಿದರೆ ಗಾಬರಿ ಬೇಡ, ಹೊಸದಕ್ಕೆ ಥ್ರೆಡ್ ಸೀಲೆಂಟ್ ಹಚ್ಚಿ ಹಾಕಿ.

ಲೇತ್‌ನಲ್ಲಿ ಮಾಡಿಸಿಕೊಳ್ಳಬಹುದಾ? ಥ್ರೆಡ್ ರಾಡ್ ಕತ್ತರಿಸಿ ಹಾಕಿದರೆ?

ಥ್ರೆಡ್ ರಾಡ್ ಬೇಡವೇ ಬೇಡ. ಹಾರ್ಡ್‌ವೇರ್ ಅಂಗಡಿಯ ಸಾದಾ ರಾಡ್ 4.6 ಅಥವಾ 4.8 ಮಟ್ಟದ್ದು, ಬಾತ್‌ರೂಮ್ ಗೀಸರ್ ನೇತುಹಾಕಲು ಸರಿ. ಲೇತ್‌ನಲ್ಲಿ ಮಾಡಿಸುವುದಾದರೆ ಯಾವ ಉಕ್ಕು ಅಂತ ನೀವೇ ಕೊಡಿ, ಅವರ ಹತ್ತಿರ ಬಿದ್ದಿರುವ ಎಂಎಸ್ (ಸಾದಾ ಮೆದು ಉಕ್ಕು) ಸರಳಿನಲ್ಲಿ ಮಾಡಿಸಬೇಡಿ. ಕಾರ್ಖಾನೆಯ ಸ್ಟಡ್‌ಗಳಲ್ಲಿ ಥ್ರೆಡ್ ಕೊರೆದಿರುವುದಿಲ್ಲ, ಉರುಳಿಸಿ ಒತ್ತಿರುತ್ತಾರೆ. ಹಾಗೆ ಮಾಡಿದ ಥ್ರೆಡ್ಡಿನ ಬುಡ ಪದೇ ಪದೇ ಬಾಗುವುದನ್ನು ಚೆನ್ನಾಗಿ ತಡೆಯುತ್ತದೆ.

ನಟ್ ಹಳೆಯದೇ ಹಾಕಲಾ?

ಬೇಡ. ಎಕ್ಸಾಸ್ಟ್ ನಟ್ ಒಂದು ಸಲದ ಊಟದ ಎಲೆ ಇದ್ದ ಹಾಗೆ. ತಾಮ್ರದ ಲೇಪ ಇರುವ ಉಕ್ಕಿನ ಲಾಕ್ ನಟ್ ನನಗೆ ಇಷ್ಟ, ತುದಿಯನ್ನು ಸ್ವಲ್ಪ ಚಪ್ಪಟೆ ಮಾಡಿರುತ್ತಾರೆ, ಬಿಸಿಯಲ್ಲೂ ಬಿಡುವುದಿಲ್ಲ. ಹಿತ್ತಾಳೆ ನಟ್ ಇನ್ನೂ ಮೆತ್ತಗೆ, ಆದರೆ ಹತ್ತು ವರ್ಷ ಬಿಟ್ಟು ಬಿಚ್ಚಿದರೂ ಸ್ಟಡ್ ಮುರಿಯದೆ ಬರುತ್ತದೆ. ಒಳಗೆ ನೈಲಾನ್ ಉಂಗುರ ಇರುವ ನಟ್ ಹಾಕಿದವರನ್ನೂ ನೋಡಿದ್ದೇನೆ. ನೈಲಾನ್ 120 ಡಿಗ್ರಿ ಆಸುಪಾಸಿಗೇ ಕೈಚೆಲ್ಲುತ್ತದೆ, ಮೊದಲ ದಿನವೇ ಕರಗಿ ವಾಸನೆ ಬರುತ್ತದೆ. ಹೊಳೆಯುವ ಸತು ಲೇಪದ್ದಕ್ಕೂ ಇಲ್ಲಿ ಕೆಲಸವಿಲ್ಲ, ಸತು ಕರಗುವುದೇ 420 ಡಿಗ್ರಿ ಹತ್ತಿರ.

ಮುರಿದ ಸ್ಟಡ್ ತೆಗೆಯುವುದು ಹೇಗೆ?

ನಿಧಾನವಾಗಿ. ಒಂದು ವಾರ ಮೊದಲೇ ಶುರು ಮಾಡಿ, ದಿನಾ ಸಂಜೆ ಪೆನೆಟ್ರೇಟಿಂಗ್ ಆಯಿಲ್ ಬಿಡಿ. ಸ್ಟಡ್ ಸ್ವಲ್ಪವಾದರೂ ಹೊರಗೆ ಉಳಿದಿದ್ದರೆ ಎರಡು ನಟ್ ಒಂದಕ್ಕೊಂದು ಬಿಗಿದು ಒಳಗಿನದನ್ನು ತಿರುಗಿಸಿ. ಏನೂ ಉಳಿದಿಲ್ಲದಿದ್ದರೆ ಒಳ್ಳೆಯ ವೆಲ್ಡರ್ ಕೈಯಲ್ಲಿ ತುಂಡಿನ ಮೇಲೆ ಒಂದು ನಟ್ ಇಟ್ಟು ವೆಲ್ಡ್ ಮಾಡಿಸಿ. ಉಕ್ಕಿನ ವೆಲ್ಡ್ ಅಲ್ಯೂಮಿನಿಯಂಗೆ ಅಂಟುವುದಿಲ್ಲ, ಆ ಬಿಸಿಗೆ ತುಕ್ಕಿನ ಹಿಡಿತವೂ ಬಿಡುತ್ತದೆ. ಬ್ಯಾಟರಿ ವೈರ್ ಮೊದಲು ಬಿಚ್ಚಿ. ಹೆಡ್ ಅನ್ನು 100-150 ಡಿಗ್ರಿ ಬಿಸಿ ಮಾಡಿದರೂ ಉಪಯೋಗ ಇದೆ, ಅಲ್ಯೂಮಿನಿಯಂ ಉಕ್ಕಿಗಿಂತ ಎರಡು ಪಟ್ಟು ಹಿಗ್ಗುವುದು ಇಲ್ಲಿ ಮಾತ್ರ ನಮ್ಮ ಪರವಾಗಿದೆ.

ಮಾಡಬಾರದ್ದು ನನ್ನ ಕಾರಿಗೆ ಆಗಿದ್ದು. ಊರಿಗೆ ಹೋಗುವ ಅವಸರ, ಒಂದು ಗ್ಯಾರೇಜಿಗೆ ಬಿಟ್ಟೆ. ಹುಡುಗ ಕೈ ಡ್ರಿಲ್‌ನಲ್ಲಿ ಕೊರೆದ, ಬಿಟ್ ಪಕ್ಕದ ಮೆತ್ತನೆಯ ಅಲ್ಯೂಮಿನಿಯಂ ಕಡೆಗೆ ಜಾರಿತು. ಆಮೇಲೆ ಈಜಿ ಔಟ್ (ಕೊರೆದ ತೂತಿನೊಳಗೆ ಕಚ್ಚಿ ಮುರಿದ ತುಂಡನ್ನು ಹೊರಗೆ ತಿರುಗಿಸುವ ಸಾಧನ) ಹಾಕಿ ಬಲವಾಗಿ ತಿರುಗಿಸಿದ, ಅದು ಒಳಗೇ ಮುರಿಯಿತು. ಈಜಿ ಔಟ್ ಎಷ್ಟು ಗಟ್ಟಿ ಅಂದರೆ ಯಾವ ಸಾದಾ ಡ್ರಿಲ್ಲೂ ಅದನ್ನು ಮುಟ್ಟುವುದಿಲ್ಲ. ಕೊನೆಗೆ ಹೆಡ್ ಕೆಳಗಿಳಿಸಿ, ಚೀಲದಲ್ಲಿ ಹಾಕಿಕೊಂಡು ಪೀಣ್ಯದ ಒಂದು ಟೂಲ್ ರೂಮಿಗೆ ಹೋದೆ. ಸ್ಪಾರ್ಕ್ ಎರೋಷನ್ ಯಂತ್ರದಲ್ಲಿ ಕಿಡಿಯಿಂದ ಕೊರೆದು ತೆಗೆದುಕೊಟ್ಟರು. ಹೆಡ್ ಗ್ಯಾಸ್ಕೆಟ್, ಫೇಸಿಂಗ್ (ಮುಖವನ್ನು ಯಂತ್ರದಲ್ಲಿ ಸಮ ಮಾಡುವುದು), ಕೂಲೆಂಟ್, ಎರಡು ವಾರ ಬಸ್ ಓಡಾಟ, ಎಲ್ಲ ಒಂದು ಸ್ಟಡ್‌ಗೋಸ್ಕರ. ಕೊರೆಯಲೇಬೇಕಾದರೆ ಮ್ಯಾನಿಫೋಲ್ಡ್ ಅಥವಾ ದಪ್ಪ ಪಟ್ಟಿಯನ್ನೇ ದಾರಿ ತೋರಿಸಲು ಕಟ್ಟಿ, ಪಂಚ್ ಹೊಡೆದು, ಎಡಕ್ಕೆ ತಿರುಗುವ ಬಿಟ್ ಬಳಸಿ. ಎಷ್ಟೋ ಸಲ ಆ ಬಿಟ್ಟೇ ತುಂಡನ್ನು ಕಚ್ಚಿ ಹೊರಗೆ ತರುತ್ತದೆ.

ಹೆಡ್ಡಿನ ಥ್ರೆಡ್ಡೇ ಹೋಗಿದೆ. ಮುಂದಿನ ಸೈಜ್ ಟ್ಯಾಪ್ ಹೊಡೆಸಲಾ (ದೊಡ್ಡ ಥ್ರೆಡ್ ಕೊರೆಸಲಾ)?

ಎಂ8 ಇದ್ದದ್ದನ್ನು ಎಂ10 ಮಾಡಿದರೆ ಮ್ಯಾನಿಫೋಲ್ಡ್ ತೂತೂ ದೊಡ್ಡದು ಮಾಡಬೇಕು, ಇಲ್ಲದಿದ್ದರೆ ಜಾರಲು ಜಾಗವೇ ಉಳಿಯುವುದಿಲ್ಲ, ಮತ್ತೆ ಮುರಿಯುತ್ತದೆ. ಅದರ ಬದಲು ಹೆಲಿಕಾಯಿಲ್ ಹಾಕಿಸಿ. ಸ್ಟೇನ್‌ಲೆಸ್ ತಂತಿಯ ಸುರುಳಿ ಅದು, ಸರಿಯಾಗಿ ಕೂರಿಸಿದರೆ ಮೂಲ ಥ್ರೆಡ್‌ಗಿಂತ ಚೆನ್ನಾಗಿ ಹಿಡಿಯುತ್ತದೆ. ಗೋಡೆಯಲ್ಲಿ ಸಾಕಷ್ಟು ದಪ್ಪ ಇದ್ದರೆ ಗಟ್ಟಿ ಬುಶ್ ಮಾದರಿಯ ಇನ್ಸರ್ಟ್ ಕೂಡ ಹಾಕಿಸಬಹುದು. ಎಂ-ಸೀಲ್ ತುಂಬಿ ಟ್ಯಾಪ್ ಹೊಡೆಯುವ ಐಡಿಯಾ ಯಾರಾದರೂ ಕೊಟ್ಟರೆ ನಗುತ್ತಾ ಕಾರು ವಾಪಸ್ ತನ್ನಿ.

ಬಿಗಿಯುವುದು ಎಷ್ಟು? ಆಂಟಿ ಸೀಜ್ ಹಚ್ಚಬೇಕಾ?

ಸ್ಟಡ್ ಅನ್ನು ಹೆಡ್ಡಿಗೆ ಬೆರಳಲ್ಲಿ ತಿರುಗಿಸಿ, ಕೊನೆಗೆ ಸ್ವಲ್ಪ ಬಿಗಿ ಕೊಟ್ಟರೆ ಸಾಕು. ಥ್ರೆಡ್ ಮುಗಿಯುವ ಜಾಗವನ್ನು ಹೆಡ್ಡಿನ ಬಾಯಿಗೆ ಒತ್ತಿ ಕೂರಿಸಬೇಡಿ. ನಟ್‌ಗೆ ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದ ಅಂಕಿಯೇ ಅಂತಿಮ. ಅಂದಾಜಿಗೆ ಹೇಳುವುದಾದರೆ ಎಂ6ಕ್ಕೆ 8-10, ಎಂ8ಕ್ಕೆ 18-25 ನ್ಯೂಟನ್ ಮೀಟರ್. ನಡುವಿನಿಂದ ಶುರು ಮಾಡಿ ತುದಿಗಳ ಕಡೆ ಹೋಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಒಮ್ಮೆ ಬಿಸಿಯಾಗಿ ಪೂರ್ತಿ ತಣ್ಣಗಾದ ಮೇಲೆ ಇನ್ನೊಮ್ಮೆ ನೋಡಿ.

ಆಂಟಿ ಸೀಜ್ ಹಚ್ಚಿ, ತೆಳ್ಳಗೆ. ಅಲ್ಯೂಮಿನಿಯಂ ಕಡೆಗೆ ನಿಕಲ್ ಇರುವ ಪೇಸ್ಟ್ ವಾಸಿ. ಆದರೆ ಜಾರುವ ಪೇಸ್ಟ್ ಇದ್ದಾಗ ಅದೇ ಟಾರ್ಕ್‌ಗೆ (ತಿರುಗಿಸುವ ಬಲಕ್ಕೆ) ಸ್ಟಡ್ ಜಾಸ್ತಿ ಎಳೆಯಲ್ಪಡುತ್ತದೆ. ಒಣ ಥ್ರೆಡ್‌ಗೆ ಕೊಟ್ಟ ಅಂಕಿಯನ್ನು ಕಾಲು ಭಾಗದಷ್ಟು ಇಳಿಸಿಕೊಳ್ಳಿ.

ಒಂದೇ ಮುರಿದಿದೆ, ಒಂದೇ ಬದಲಿಸಿದರೆ ಸಾಲದಾ?

ಉಳಿದವೂ ಅಷ್ಟೇ ವರ್ಷ ಬಾಗಿವೆ. ಸಲೀಸಾಗಿ ಬಂದರೆ ಎಲ್ಲ ಬದಲಿಸಿ. ಬರಲು ಒಪ್ಪದೆ ಗಟ್ಟಿಯಾಗಿ ಕೂತಿದ್ದರೆ ಬಲವಂತ ಮಾಡದೆ ಥ್ರೆಡ್ ಸ್ವಚ್ಛ ಮಾಡಿ ಬಿಡಿ, ಅದನ್ನು ಮುರಿದುಕೊಂಡು ಏನು ಸಾಧಿಸುತ್ತೀರಿ?

ಬೈಕಿನದು ಬಿಗಿಯಾಗಿದೆ, ಆದರೂ ಸೈಲೆನ್ಸರ್ ಬೆಂಡ್ ಪೈಪ್ ಅಲ್ಲಾಡುತ್ತಿದೆ. ಯಾಕೆ?

ಟೋಪಿ ನಟ್ ಇದೆಯಾ ನೋಡಿ. ಸ್ಟಡ್ ಉದ್ದವಾದರೆ ಟೋಪಿಯ ಒಳಗಿನ ತಳಕ್ಕೆ ತಗಲಿ ನಿಲ್ಲುತ್ತದೆ. ಕೈಗೆ ಬಿಗಿ ಅನ್ನಿಸುತ್ತದೆ, ಫ್ಲ್ಯಾಂಜ್ ಮಾತ್ರ ಸಡಿಲ. ವಾಷರ್ ಹಾಕಿ, ಇಲ್ಲವೇ ಸರಿ ಉದ್ದದ ಸ್ಟಡ್ ತನ್ನಿ.

ಅಮೆರಿಕದಲ್ಲಿದ್ದೇನೆ, ಪಿಕಪ್‌ನಲ್ಲೂ ಇದೇ ಸಮಸ್ಯೆ. ಈ ಮಾತೆಲ್ಲ ಇಲ್ಲಿಗೂ ಹೊಂದುತ್ತದಾ?

ಪೂರ್ತಿ ಹೊಂದುತ್ತದೆ. ಫೋರ್ಡ್‌ನ 5.4 ಲೀಟರ್ ಟ್ರೈಟನ್ ವಿ8 ಇದಕ್ಕೆ ಹೆಸರಾದ ಎಂಜಿನ್, ಅಲ್ಯೂಮಿನಿಯಂ ಹೆಡ್, ಬೀಡಿನ ಮ್ಯಾನಿಫೋಲ್ಡ್. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ನಮ್ಮ ಕರಾವಳಿ ಗಾಳಿಗಿಂತ ಕೆಟ್ಟದ್ದು. ಒಂದು ಅನುಕೂಲ ಅಂದರೆ ಅಲ್ಲಿ ಆ ಎಂಜಿನ್‌ಗೆ ಸ್ಟಡ್, ನಟ್, ಡ್ರಿಲ್ ದಾರಿ ತೋರಿಸುವ ಪಟ್ಟಿ ಎಲ್ಲ ಸೆಟ್ಟಾಗಿಯೇ ಸಿಗುತ್ತವೆ.

ಹೊಸ ಸ್ಟಡ್ ಹಾಕಿದ ಮೇಲೂ ಟಿಕ್ ಟಿಕ್ ನಿಂತಿಲ್ಲ. ಈಗೇನು?

ಮ್ಯಾನಿಫೋಲ್ಡ್ ಬಿಚ್ಚಿ ಅದರ ಮುಖದ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿ. ಸೊಟ್ಟಗಾಗಿದ್ದರೆ ಫೇಸಿಂಗ್ ಮಾಡಿಸಬೇಕು. ಸೊಟ್ಟ ಮ್ಯಾನಿಫೋಲ್ಡ್ ಅನ್ನು ನಟ್ ಬಿಗಿದು ನೇರ ಮಾಡಲು ಹೋದರೆ ಹೊಸ ಸ್ಟಡ್ಡೂ ಬೇಗ ಹೋಗುತ್ತದೆ. ನೇರವಾಗಿದ್ದರೆ ಬಿರುಕು ಹುಡುಕಿ. ಬಿಚ್ಚುವ ಮೊದಲೇ ಒಂದು ಸುಲಭ ಪರೀಕ್ಷೆ ಇದೆ: ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಒಂದು ಮೀಟರ್ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ ಹಿಡಿದು, ಇನ್ನೊಂದನ್ನು ಒಂದೊಂದೇ ಪೋರ್ಟಿನ ಹತ್ತಿರ ಆಡಿಸಿ. ಫ್ಯಾನ್ ಮತ್ತು ಬೆಲ್ಟಿನಿಂದ ಪೈಪು, ಅಂಗಿ ತೋಳು ಎರಡನ್ನೂ ದೂರ ಇಟ್ಟುಕೊಳ್ಳಿ. ಸೋರುವ ಜಾಗದ ಮುಂದೆ ಬಂದಾಗ ಕಿವಿಗೆ ಚಟಚಟ ಅಂತ ನೇರವಾಗಿ ಬಡಿಯುತ್ತದೆ.